ಕಲ್ಗುಂದಿಯ ಓದದ ಮಂಟಪ

ಕಲ್ಗುಂದಿಯ ಬಸ್ ನಿಲ್ದಾಣದಲ್ಲಿ ಇಳಿದು, ಬಾಳೆಹಣ್ಣಿನ ಗಾಡಿಗಳನ್ನು ದಾಟಿ, ಪೇಟೆ ಬೀದಿಯ ಕೊನೆಯಲ್ಲಿ ಬಲಕ್ಕೆ ಹೊರಳಿದರೆ ಊರಿನ ಸಾರ್ವಜನಿಕ ಗ್ರಂಥಾಲಯ ಸಿಗುತ್ತದೆ. ಅದಕ್ಕೆಂದೇ ಕಟ್ಟಿದ ಕಟ್ಟಡವಲ್ಲ ಅದು. ಹಳೆಯ ಬಸದಿಯ ಮುಂದಿದ್ದ ಕಲ್ಲಿನ ಮಂಟಪಕ್ಕೆ ಕಂಬ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಎರಡು ಕಿಟಕಿ ಇಟ್ಟು, ಸುಣ್ಣ ಬಳಿದು ಗ್ರಂಥಾಲಯ ಮಾಡಿದ್ದಾರೆ. ಬಸದಿ ಈಗಿಲ್ಲ, ಅದರ ಅಡಿಪಾಯದ ಮೇಲೆ ಯಾರೋ ಹುಲ್ಲಿನ ಮೆದೆ ಒಟ್ಟಿದ್ದಾರೆ. ಮಂಟಪದ ಒಳಗೆ ಕಡೆದ ಕಂಬಗಳ ಪಕ್ಕದಲ್ಲಿ ಕಬ್ಬಿಣದ ಕಪಾಟುಗಳು ನಿಂತಿವೆ. ಬೆಳಗ್ಗೆ ಪತ್ರಿಕೆ ಬರುವ ಹೊತ್ತಿಗೆ ನಿವೃತ್ತ ಮೇಷ್ಟರುಗಳು ಬಂದು ಹಾಳೆ ಹಾಳೆಯಾಗಿ ಹಂಚಿಕೊಂಡು ಕೂರುತ್ತಾರೆ. ಪರೀಕ್ಷೆಗೆ ಓದುವ ಹುಡುಗಿಯರು ತಂಪಿಗೆಂದು ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕೂರುತ್ತಾರೆ. ಹಿಂಬಾಗಿಲು ತೆರೆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಚೌಕದ ಹೊಂಡ, ಅದರ ತಳದಲ್ಲಿ ಹಸಿರು ನೀರು.

ಫಲಕದ ಮೇಲೆ ಏನೇ ಬರೆದಿರಲಿ, ಊರಿನವರ ಬಾಯಲ್ಲಿ ಅದು ಓದದ ಮಂಟಪ. "ಓದದ ಮಂಟಪದಲ್ಲಿ ಪೇಪರ್ ಓದ್ಕೊಂಡು ಬರ್ತೀನಿ" ಎಂದು ಹೇಳಿ ಜನ ಮನೆಯಿಂದ ಹೊರಡುವ ಊರು ನಾಡಿನಲ್ಲಿ ಇದೊಂದೇ ಇರಬೇಕು. ಹಳೆಯ ಕಲ್ಲು, ಹಳೆಯ ಗುಡಿ, ಸಣ್ಣ ಊರುಗಳ ಪುಸ್ತಕ ಭಂಡಾರ ನೋಡಲು ಊರೂರು ಸುತ್ತುವವರು ಇಲ್ಲಿಗೂ ಬರುತ್ತಾರೆ. ಹೆಸರು ಕೇಳಿದ ಕೂಡಲೇ ನಗುತ್ತಾರೆ. ಹಿಂದೆ ಇಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಇದು ಊರಿಗೇ ಅವಮಾನ, ಒಳ್ಳೆಯದೊಂದು ಹೆಸರು ಇಡೋಣ ಎಂದಿದ್ದರಂತೆ. ಹಿರಿಯರು ಅವರನ್ನು ಕೂರಿಸಿ, ಕಾಫಿ ತರಿಸಿ ಕೊಟ್ಟು, ಕತೆ ಹೇಳಿದರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಗುವುದಕ್ಕೇನು, ಯಾರು ಬೇಕಾದರೂ ನಗಬಹುದು. ಹೆಸರು ಯಾಕೆ ಬಂತೆಂದು ತಿಳಿಯಬೇಕಾದರೆ ಮಾತ್ರ ಸ್ವಲ್ಪ ಹೊತ್ತು ಕೂರಬೇಕು.

ಹಿಂದೆ ಒಮ್ಮೆ ಕಲ್ಗುಂದಿ ದೊಡ್ಡ ಸಂತೆಯ ಊರಾಗಿತ್ತು; ಆಗ ಈ ಸೀಮೆಯನ್ನು ಯಾರು ಆಳುತ್ತಿದ್ದರು ಎಂಬುದರಲ್ಲಿ ಕತೆ ಹೇಳುವವರು ಇಂದಿಗೂ ಜಗಳವಾಡುತ್ತಾರೆ. ಬಸದಿಯ ಪಕ್ಕದ ಕೋಣೆಯಲ್ಲಿ ಓಲೆಗರಿಯ ಕಟ್ಟುಗಳ ಭಂಡಾರವಿತ್ತು. ವೈದ್ಯ, ಜ್ಯೋತಿಷ, ಪುರಾಣ ಎಲ್ಲವೂ ಅಲ್ಲಿದ್ದವು. ಆದರೆ ಊರಿನವರು ನಮ್ಮದು ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದದ್ದು ಒಂದೇ ಒಂದನ್ನು. ಅದರ ಹೆಸರು ಏನೇ ಇದ್ದಿರಲಿ, ಜನ ಅದನ್ನು ಊರ ಕಬ್ಬ, ಅಂದರೆ ಊರಿನ ಕಾವ್ಯ, ಎನ್ನುತ್ತಿದ್ದರು. ಈ ಹೊಂಡವನ್ನು ಕಟ್ಟಿಸಿದ ಕಂಚಲೆ ಎಂಬ ಹೆಣ್ಣುಮಗಳ ಕತೆ ಅದು. ಹೊಂಡ ಅರ್ಧ ಆಗಿರುವಾಗಲೇ ಕಂಚಲೆ ಕಾಯಿಲೆ ಬಿದ್ದು, ಕೈಗೂಸಿನ ವಯಸ್ಸು ದಾಟಿ ಆಗಷ್ಟೇ ಮಾತು ಕಲಿತಿದ್ದ ಮಗಳನ್ನು ಬಿಟ್ಟು ಹೋಗುತ್ತಾಳೆ. ಮಗಳು ದೊಡ್ಡವಳಾಗಿ ಉಳಿದ ಮೆಟ್ಟಿಲುಗಳನ್ನು ಕಟ್ಟಿಸುತ್ತಾಳೆ. ಅದನ್ನು ಬರೆದ ಕವಿಯ ಹೆಸರು ಆಗಲೇ ಯಾರಿಗೂ ಗೊತ್ತಿರಲಿಲ್ಲ. ಅದರ ಪ್ರತಿ ಬೇರೆ ಯಾವ ಊರಿನಲ್ಲೂ ಇರಲಿಲ್ಲ. ವರ್ಷಕ್ಕೊಮ್ಮೆ, ಜೈನರು ಗ್ರಂಥಗಳನ್ನು ಹೊರಗೆ ತೆಗೆದು ಬಿಸಿಲು ತೋರಿಸಿ ಪೂಜೆ ಮಾಡುವ ಶ್ರುತಪಂಚಮಿಯಿಂದ ಆರಂಭಿಸಿ, ಕೆಲವು ದಿನ ಇಳಿಹೊತ್ತಿನಲ್ಲಿ ಈ ಮಂಟಪದಲ್ಲಿ ಕಬ್ಬವನ್ನು ಓದಿಸುತ್ತಿದ್ದರು. ಆ ದಿನಗಳಲ್ಲಿ ಸಂತೆಯವರೂ ಗಂಟು ಕಟ್ಟಿಟ್ಟು ಬಂದು ಕೂರುತ್ತಿದ್ದರು.

ಓಲೆಯ ಮೇಲೆ ಬರೆಯುವುದೆಂದರೆ ಈಗಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಲಿಪಿಕಾರ ಕಂಠವೆಂಬ ಮೊನೆಯ ಕಬ್ಬಿಣದ ಕಡ್ಡಿಯಿಂದ ಅಕ್ಷರವನ್ನು ಗರಿಯಲ್ಲಿ ಕೊರೆಯುತ್ತಾನೆ. ಕೊರೆದಾಗ ಅಕ್ಷರ ಕಾಣುವುದಿಲ್ಲ. ಬರೆದ ಗರಿಯೂ ಬರೆಯದ ಗರಿಯೂ ಒಂದೇ ಬಣ್ಣ. ಆಮೇಲೆ ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಗರಿಯ ಮೇಲೆ ತಿಕ್ಕಿ ಬಟ್ಟೆಯಿಂದ ಒರೆಸಿದರೆ ಮಸಿ ಕೊರೆದ ಗೆರೆಯಲ್ಲಿ ಉಳಿದು ಅಕ್ಷರ ಎದ್ದು ಬರುತ್ತದೆ. ಕಲ್ಗುಂದಿಯವರು ಇದನ್ನು ಓಲೆಗೆ ಕಣ್ಣು ಕೊಡುವುದು ಎನ್ನುತ್ತಿದ್ದರು. ಶಿಲ್ಪಿ ವಿಗ್ರಹದ ಕಣ್ಣನ್ನು ಕೊನೆಗೆ ತೆರೆಸುವ ಹಾಗೆ, ಇಲ್ಲಿಯೂ ಕಟ್ಟು ಪೂರ್ತಿಯಾದ ಮೇಲೆಯೇ ಕಣ್ಣು. ಊರ ಕಬ್ಬದ ವಿಚಾರದಲ್ಲಿ ಇನ್ನೂ ಒಂದು ನಿಯಮವಿತ್ತು. ಒಂದು ಊರಿಗೆ ಒಂದೇ ಕಬ್ಬ. ಎರಡು ಪ್ರತಿಗಳು ಒಟ್ಟಿಗೆ ಕಣ್ಣು ತೆರೆದಿರಬಾರದು. ಹಳೆಯ ಪ್ರತಿ ಹುಳು ತಿಂದು ಹಣ್ಣಾದಾಗ ಹೊಸದನ್ನು ಬರೆಸುವರು; ಶ್ರುತಪಂಚಮಿಯ ಬೆಳಗ್ಗೆ ಹಳೆಯದರ ದಾರ ಬಿಚ್ಚಿ, ಗರಿಗಳನ್ನು ಹೊಂಡದ ನೀರಿಗೆ ಬಿಡುವರು; ಅದು ನೀರು ಸೇರಿದ ಮೇಲೆಯೇ ಹೊಸದರ ಮೊದಲ ಗರಿಗೆ ಎಲ್ಲರ ಎದುರು ಮಸಿ. ಯಾರು ಮಾಡಿದ ನಿಯಮವೋ ತಿಳಿಯದು. ಮೂರ್ನಾಲ್ಕು ತಲೆಮಾರು ಅದರಿಂದ ಕೇಡೇನೂ ಆಗಿರಲಿಲ್ಲ, ಆದ್ದರಿಂದ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಆ ಕಾಲದ ಲಿಪಿಕಾರ ಪಾರಿಸಯ್ಯ. ಅವನ ಅಜ್ಜನೂ ಅಪ್ಪನೂ ಅದೇ ಕೆಲಸ ಮಾಡಿದವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿದ್ದವಳು ಮಗಳು ದೇಮಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಅವಳನ್ನು ಅಪ್ಪ ಮೂಲೆಯಲ್ಲಿ ಕೂರಿಸಲಿಲ್ಲ. ಗರಿ ಬೇಯಿಸುವುದು, ನಯ ಮಾಡುವುದು, ಮಸಿ ಹಿಡಿಯುವುದು, ಓದುವುದು, ಬರೆಯುವುದು ಎಲ್ಲ ಕಲಿಸಿದ. ಪಾರಿಸಯ್ಯನಿಗೆ ಒಂದೊಂದು ಸಾಲನ್ನೂ ಗುನುಗಿ ನಂತರ ಕೊರೆಯುವ ಅಭ್ಯಾಸ. ಹಾಗೆ ಕೇಳಿ ಕೇಳಿ ಊರ ಕಬ್ಬದ ಬಹುಭಾಗ ದೇಮಕ್ಕನ ಬಾಯಿಗೆ ಬಂದಿತ್ತು, ಒಂದು ಭಾಗವನ್ನು ಬಿಟ್ಟು. ಸಾಯುವ ಕಂಚಲೆ ಮಗಳನ್ನು ಹತ್ತಿರ ಕರೆದು ಮಾತನಾಡುವ ಭಾಗ ಅದು. ದೇಮಕ್ಕನ ತಾಯಿ ತೀರಿಕೊಂಡ ವರ್ಷ ಮಂಟಪದಲ್ಲಿ ಅದನ್ನು ಓದುವಾಗ, ಅಪ್ಪನ ಪಕ್ಕ ಕೂತಿದ್ದ ಎಳೆಯ ಮಗು ಚೀರಿಕೊಂಡು ಎದ್ದು ಅವ್ವನನ್ನು ಹುಡುಕುತ್ತಾ ಹೊಂಡದ ಕಡೆ ಓಡಿತ್ತು. ಆಮೇಲೆ ಜ್ವರ ಹಿಡಿದು ಬದುಕಿದ್ದೇ ಹೆಚ್ಚು. ಅಂದು ಪಾರಿಸಯ್ಯ ಬಸದಿಗೆ ಹೋಗಿ, ಮಗಳ ಕಿವಿಗೆ ಬೀಳುವಂತೆ ಆ ಭಾಗವನ್ನು ಎಂದೂ ಹೇಳುವುದಿಲ್ಲ ಎಂದು ವ್ರತ ತೊಟ್ಟ. ಮನೆಯಲ್ಲಿ ಅದನ್ನು ಗುನುಗದೆ ಬರೆದ. ಮಂಟಪದಲ್ಲಿ ಅದು ಹತ್ತಿರವಾದಾಗ ನೀರು ತಾ ಎಂದೋ ಹೂವು ತಾ ಎಂದೋ ಅವಳನ್ನು ಎಬ್ಬಿಸಿ ಕಳಿಸಿದ. ಅವಳು ಬೆಳೆದ ಮೇಲೂ, ಆ ಹೊತ್ತು ಬಂತೆಂದರೆ ತಾನಾಗಿಯೇ ಕೊಡ ಎತ್ತಿಕೊಂಡು ಎದ್ದು ಹೋಗುವುದು ರೂಢಿಯಾಯಿತು. ಪ್ರೀತಿಯಿಂದ ಮಾಡಿದ್ದೇ ಅದೆಲ್ಲ.

ಆ ಸಲ ಹೊಸ ಪ್ರತಿ ಬರೆಸಲು ಮುಂದೆ ಬಂದವಳು ಸೆಟ್ಟಿಕವ್ವೆ, ಪೇಟೆಯ ದೊಡ್ಡ ವರ್ತಕರ ಮನೆಯ ಹಿರಿಯ ವಿಧವೆ. ಅವಳ ಒಬ್ಬಳೇ ಮಗಳು ದೂರದ ಊರಿನಲ್ಲಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳಿಗೆ ಕೊನೆಯ ಮಾತು ಹೇಳಲಿಲ್ಲ ಎಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ವರ್ಷವಿಡೀ ಬಿಗಿದುಕೊಂಡಿರುತ್ತಿದ್ದ ಅವಳು ಕಂಚಲೆಯ ಆ ಭಾಗ ಕೇಳುವಾಗ ಸೆರಗು ಬಾಯಿಗೆ ತುರುಕಿಕೊಂಡು ಅತ್ತು, ಹಗುರವಾಗಿ ಮನೆಗೆ ಹೋಗುತ್ತಿದ್ದಳು. "ಆ ಮಾತು ನಾನೇ ಹೇಳ್ದಂಗಾಗ್ತದೆ ಪಾರಿಸಯ್ಯ. ನಾನು ಇರೋತನಕ ಅದು ಇರ್ಬೇಕು, ಆಮೇಲೂ ಇರ್ಬೇಕು" ಎಂದು ಹೇಳಿ ತಾನು ಹಿಡಿದಿದ್ದ ನೋಂಪಿಯ ವ್ರತ ಮುಗಿಸುವ ಉದ್ಯಾಪನೆಗೆಂದು ಕಬ್ಬವನ್ನು ಬರೆಸುವ ಹರಕೆ ಹೊತ್ತಳು. ಪಾರಿಸಯ್ಯ ತಲೆಬಾಗಿ ಒಪ್ಪಿಕೊಂಡ.

ಬರೆಯಲು ಕೂತವನ ಕಣ್ಣು ಆಗಲೇ ಮಂಜಾಗುತ್ತಿತ್ತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಮೊದಲ ಗರಿಗಳನ್ನು ಕಂಡು ಬರೆದ. ಮುಂದಿನವನ್ನು ಅರೆಗಣ್ಣಿನಲ್ಲಿ ಬರೆದ. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಅವನಿಗೆ ಕಾಣುತ್ತಿದ್ದದ್ದು ಬಾಗಿಲಿನ ಬೆಳಕು ಮಾತ್ರ. ಮೂಲವನ್ನು ನೋಡುವ ಅಗತ್ಯ ಅವನಿಗಿರಲಿಲ್ಲ, ಕಬ್ಬವೆಲ್ಲ ಬಾಯಲ್ಲಿತ್ತು. ಕೈಗೆ ಅಷ್ಟು ವರ್ಷಗಳ ಅಭ್ಯಾಸವಿದೆ, ಕೈಯೇ ಬರೆಯುತ್ತದೆ ಎಂದು ನಂಬಿದ. ಎಡಗೈ ಹೆಬ್ಬೆರಳಿನ ಉಗುರಿನಿಂದ ಗರಿಯ ಅಂಚು ಹಿಡಿದು, ದಾರದ ತೂತನ್ನು ಮುಟ್ಟಿ ನೋಡಿ ಸಾಲು ಹಿಡಿಯುತ್ತಿದ್ದ. ದೇಮಕ್ಕ ಎಂದಿನಂತೆ ಬರೆದ ಗರಿಯನ್ನು ಬೆಳಕಿಗೆ ವಾಲಿಸಿ ತಿದ್ದಲು ಕೇಳಿದಾಗ, "ಈ ಸಲ ಬೇಡ ಮಗಾ. ಕಣ್ಣು ಕೊಡೋ ದಿನಾನೇ ನೋಡುವಂತೆ" ಎಂದ. ಅವನು ನೀರಿನ ಚೊಂಬಿಗೆ ತಡಕಾಡುವುದನ್ನು ಅವಳು ಕಂಡಿದ್ದಳು. ಹೊಸಿಲು ಎಡವುವುದನ್ನೂ ಕಂಡಿದ್ದಳು. ವಯಸ್ಸಾಯಿತು ಎಂದುಕೊಂಡಳು. ಅದಕ್ಕಿಂತ ಹೆಚ್ಚು ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ ಎನ್ನುತ್ತಾರೆ, ಇರಬಹುದು. ಸಾಕಿದ ಕೈ ಸೋಲುವುದನ್ನು ನೋಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಶ್ರುತಪಂಚಮಿ ಬಂತು. ಆ ವರ್ಷ ಮಳೆ ಮುಂಚೆಯೇ ಹಿಡಿದು ಹೊಂಡ ತುಂಬಿತ್ತು. ಬೆಳಗ್ಗೆ ಹಳೆಯ ಕಟ್ಟಿನ ದಾರ ಬಿಚ್ಚಿ ನೀರಿಗೆ ಬಿಟ್ಟರು. ಹೆಂಗಸರು ಹೂವು ಹಾಕಿದರು. ಮಂಟಪದಲ್ಲಿ ದೇಮಕ್ಕ ಹೊಸ ಕಟ್ಟಿನ ಮೊದಲ ಗರಿಗೆ ಮಸಿ ತಿಕ್ಕಿ ಒರೆಸಿದಾಗ ಅಕ್ಷರಗಳು ಕಪ್ಪಗೆ, ಅಂದವಾಗಿ ಎದ್ದವು. ಜನ ಕೈಮುಗಿದರು. ಸೆಟ್ಟಿಕವ್ವೆ ಪಾರಿಸಯ್ಯನಿಗೆ ಶಾಲು ಹೊದಿಸಿದಳು. "ನನ್ನ ಗಂಟಲು ಕಟ್ಟಿದೆ, ಈ ವರ್ಷ ಮಗಳು ಓದ್ತಾಳೆ" ಎಂದು ಅವನು ಹೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ಉಳಿದ ಗರಿಗಳಿಗೆ ಇಳಿಹೊತ್ತಿನೊಳಗೆ ಮಸಿ ಕೊಡಬೇಕೆಂದು ದೇಮಕ್ಕ ಕಟ್ಟನ್ನು ಎತ್ತಿಕೊಂಡು ಹೊಂಡದ ಮೆಟ್ಟಿಲಿಗೆ ಬಂದಳು.

ಮೊದಲು ಕೆಲವು ಗರಿಗಳು ಚೆನ್ನಾಗಿಯೇ ಬಂದವು. ಆಮೇಲೆ ಒಂದು ಗರಿಯಲ್ಲಿ ಸಾಲು ವಾಲಿತು. ಇನ್ನೊಂದರಲ್ಲಿ ಒಂದು ಸಾಲಿನ ಬಾಲ ಮೇಲಿನ ಸಾಲಿಗೆ ತಾಗಿತು. ಮತ್ತೊಂದನ್ನು ಒರೆಸಿ ನೋಡಿದರೆ ಬರೆದ ಸಾಲಿನ ಮೇಲೆಯೇ ಮತ್ತೊಂದು ಸಾಲು ಬರೆದಿತ್ತು, ಅದರ ಮೇಲೆ ಇನ್ನೊಂದು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿ ಮತ್ತೆ ಬರೆಯತೊಡಗಿದಾಗಲೆಲ್ಲ ಕೈ ಅದೇ ಜಾಗಕ್ಕೆ ಮರಳಿತ್ತು. ಗರಿಯ ಉಳಿದ ಭಾಗ ಬರಿದಾಗಿಯೇ ಇತ್ತು. ಅವಳು ಒಂದಾದ ಮೇಲೊಂದು ಗರಿಗೆ ಮಸಿ ತಿಕ್ಕಿದಳು. ಎಲ್ಲದರಲ್ಲೂ ಅದೇ, ಕೋಳಿ ಕೆದರಿದ ನೆಲದಂತಹ ಗೋಜಲು. ಕೊನೆಯ ಗರಿಯವರೆಗೂ ತಿಕ್ಕಿದಳು. ಆಗ ಅವಳಿಗೆ ಬೆಳಗ್ಗೆ ನೀರಿಗೆ ಬಿಟ್ಟದ್ದು ನೆನಪಾಯಿತು. ಉಟ್ಟ ಸೀರೆಯಲ್ಲೇ ಎದೆಮಟ್ಟದ ನೀರಿಗೆ ಇಳಿದು ಹೂವುಗಳನ್ನು ಸರಿಸಿ ಹುಡುಕಿದಳು. ಹುಳು ತಿಂದ ಗರಿ ನೀರಿನಲ್ಲಿ ಎಷ್ಟು ಹೊತ್ತು ಉಳಿದೀತು? ಕೈಗೆ ಬಂದದ್ದು ನೆನೆದ ತೌಡಿನಂತಹ ಚೂರು. ಅವಳು ಅದನ್ನೇ ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು.

ಈಗ ಇಡೀ ಕಬ್ಬ ಭೂಮಿಯ ಮೇಲೆ ಒಂದೇ ಕಡೆ ಇತ್ತು, ಪಾರಿಸಯ್ಯನ ಬಾಯಲ್ಲಿ. ಅಪ್ಪಾ, ನಿನ್ನ ಬರಹ ಕೆಟ್ಟಿದೆ, ಮೊದಲಿಂದ ಹೇಳು, ನಾನು ಬರೆಯುತ್ತೇನೆ ಎಂದು ಅವಳು ಕೇಳಿದ್ದರೆ ಎಲ್ಲವೂ ಉಳಿಯುತ್ತಿತ್ತು. ಅದನ್ನು ಕೇಳಲೆಂದೇ ಅವಳು ಒದ್ದೆ ಸೀರೆಯಲ್ಲಿ ಮನೆಗೆ ಹೋದಳು. ಪಾರಿಸಯ್ಯ ಜಗುಲಿಯ ಮೇಲೆ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸವರುತ್ತಾ ಕೂತಿದ್ದ. ಹೆಜ್ಜೆಯ ಸದ್ದು ಕೇಳಿ ಮುಖ ಎತ್ತಿದ.

"ದೇಮೀ, ಮಸಿ ಕೊಟ್ಟಾಯ್ತಾ?"

"ಆಯ್ತಪ್ಪಾ."

"ಹೇಗಿದೆ? ಕೈ ಎಲ್ಲಾದ್ರೂ ತಪ್ಪಿತಾ?"

ಆ ಮುಖದಲ್ಲಿದ್ದ ಭಯವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅಪ್ಪ ತನ್ನ ಬದುಕನ್ನೆಲ್ಲ ಆ ಒಂದು ಪ್ರಶ್ನೆಯಲ್ಲಿ ಇಟ್ಟು ಕಾಯುತ್ತಿದ್ದಾನೆ ಎಂದು ಅವಳಿಗೆ ಅನಿಸಿತು. "ಇಲ್ಲಪ್ಪ, ಮುತ್ತು ಪೋಣಿಸಿದಂಗಿದೆ" ಎಂದಳು. ಪಾರಿಸಯ್ಯನ ಭುಜ ಇಳಿಯಿತು. ಅವನು ಶಾಲನ್ನು ಮಡಿಸಿ, ಮಗಳ ಕಡೆ ಚಾಚಿ, ಒಳಗಿಡು ಎಂದ. ಒಮ್ಮೆ ಆಡಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವಳಿಂದ ಆಗಲಿಲ್ಲ.

ಅಂದಿನ ಇಳಿಹೊತ್ತಿನಿಂದ ದೇಮಕ್ಕ ಮಂಟಪದ ನಡುವೆ ಕೂತು ಗೋಜಲಾದ ಗರಿಗಳನ್ನು ಕಣ್ಣೆದುರು ಹಿಡಿದು ಬಾಯಿಪಾಠವಾಗಿದ್ದನ್ನು ಓದಿದಂತೆ ಹೇಳುತ್ತಾ ಹೋದಳು. ಮರೆತ ಕಡೆ ತಾನೇ ಎರಡು ಮಾತು ಸೇರಿಸಿ ದಾಟಿದಳು. ಜನ ತಲೆದೂಗಿದರು. ಪಾರಿಸಯ್ಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಗರಿ ತಿರುವಿ ಪಕ್ಕಕ್ಕಿಡುವಾಗ ಯಾರಾದರೂ ಬಗ್ಗಿ ನೋಡಿಯಾರೆಂದು ಅವಳು ಮುಖ ಕೆಳಗೆ ಮಾಡಿ ಇಡುತ್ತಿದ್ದಳು. ದಿನದಿಂದ ದಿನಕ್ಕೆ ಕಂಚಲೆಯ ಸಾವು ಹತ್ತಿರವಾಗುತ್ತಾ ಬಂತು, ಅವಳಿಗೆ ಊಟ ಸೇರದಾಯಿತು. ಮುದುಕಿಯರನ್ನು ಮಾತಿಗೆಳೆದು, ಆ ಭಾಗದಲ್ಲಿ ಕಂಚಲೆ ಏನು ಹೇಳುತ್ತಾಳೆ ಎಂದು ಸುಮ್ಮನೆ ಕೇಳುವಂತೆ ಕೇಳಿದಳು. "ಅಯ್ಯೋ, ಕರುಳು ಕಿತ್ತು ಬರ್ತದೆ ಕಣವ್ವ" ಎಂದರು. ಮಾತು ಯಾರಿಗೂ ನೆನಪಿರಲಿಲ್ಲ. ಪ್ರತಿ ವರ್ಷ ಅಳುತ್ತಾ ಕೇಳಿದವರು ಅವರು.

ಕೊನೆಗೆ ಆ ದಿನ ಬೆಳಗ್ಗೆ ಅಪ್ಪನ ಬಳಿ ಕೂತು ಕೇಳಿದಳು. "ಅಪ್ಪಾ, ಇವತ್ತಿನ ಭಾಗ ನಾನು ಬುದ್ಧಿ ಬಂದ ಮೇಲೆ ಕೇಳೇ ಇಲ್ಲ. ರಾಗ ತಪ್ಪೀತು ಅಂತ ಹೆದರಿಕೆ. ಒಂದ್ಸಲ ಹೇಳಿಕೊಡು."

ಪಾರಿಸಯ್ಯ ಅಡ್ಡಡ್ಡ ತಲೆಯಾಡಿಸಿದ. "ನಿನ್ನ ಮುಂದೆ ಅದನ್ನ ಹೇಳಲ್ಲ ಅಂತ ದೇವರ ಎದುರು ವ್ರತ ತೊಟ್ಟಿದೀನಿ ಮಗಾ. ಓಲೇಲಿ ಇದೆಯಲ್ಲ, ನೋಡ್ಕೊಂಡು ಓದು. ನೀನೀಗ ದೊಡ್ಡೋಳು, ತಡ್ಕೋತೀಯ" ಎಂದ. ಅವಳು ಎದ್ದು ಒಳಗೆ ಹೋದಳು.

ಆ ಇಳಿಹೊತ್ತು ಮಂಟಪ ತುಂಬಿತ್ತು. ಸೆಟ್ಟಿಕವ್ವೆ ಎದುರಿಗೇ ಕೂತು ಆಗಲೇ ಸೆರಗನ್ನು ಕೈಗೆ ತೆಗೆದುಕೊಂಡಿದ್ದಳು. ಕಂಚಲೆ ಮಗಳನ್ನು ಹತ್ತಿರ ಕರೆದಳು ಎಂಬಲ್ಲಿಗೆ ಬಂದು ದೇಮಕ್ಕ ನಿಂತಳು. ಗರಿಯನ್ನು ನೋಡಿದಳು; ಮೂರು ಸಾಲು ಒಂದರ ಮೇಲೊಂದು ಬಿದ್ದು ಕಪ್ಪಗೆ ಮುದ್ದೆಯಾಗಿತ್ತು. ಬೇರೆ ಕಡೆಯಾದರೆ ಏನನ್ನೋ ಸೇರಿಸಿ ದಾಟಬಹುದಿತ್ತು. ಎದುರಿನ ಆ ಮುಖ ನೋಡಿ ಅವಳಿಗೆ ಸುಳ್ಳು ಕಟ್ಟಲು ನಾಲಗೆ ಏಳಲಿಲ್ಲ. ಜನ ಕಾದರು. ಕಂಬದ ಬಳಿಯಿಂದ ಪಾರಿಸಯ್ಯ ಮೆಲ್ಲನೆ "ಓದಮ್ಮಾ" ಎಂದ. ದೇಮಕ್ಕನ ಕಣ್ಣಿಂದ ನೀರು ಸುರಿಯಿತು. "ಆಗಲ್ಲಪ್ಪಾ. ಅಳು ಬರ್ತಿದೆ" ಎಂದಳು. ತಾಯಿಯಿಲ್ಲದ ಮಗಳು, ತಾಯಿಯ ಮಾತು ಓದಲಾರಳು ಎಂದುಕೊಂಡು ಇಡೀ ಮಂಟಪ ಅವಳ ಜೊತೆ ಅತ್ತಿತು. ಅವಳು ಆ ಭಾಗದ ಗರಿಗಳನ್ನು ಒಂದೊಂದಾಗಿ ತಿರುವಿದಳು. ಕೊನೆಯದನ್ನು ತಿರುವಿ ಮುಂದಿನ ಕತೆಗೆ ಹೋದಳು.

ಮರುದಿನ ಸೆಟ್ಟಿಕವ್ವೆ ಹೊಂಡದ ಮೆಟ್ಟಿಲಿಗೆ ಬಂದು ದೇಮಕ್ಕನ ಪಕ್ಕ ಕೂತಳು. ಅವಳಿಗೆ ಓದು ಬರುತ್ತಿರಲಿಲ್ಲ. "ನಿನ್ನ ಸಂಕಟ ನಂಗೆ ಗೊತ್ತು ಕಣೆ ದೇಮಿ, ಓದ್ಲಿಲ್ಲ ಅಂತ ಬೇಜಾರಿಲ್ಲ. ಆ ಗರೀನ ಒಂದ್ಸಲ ಮುಟ್ಟಿ ಹೋಗ್ತೀನಿ, ಕೊಡು" ಎಂದಳು. ದೇಮಕ್ಕ ಕೊಟ್ಟಳು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು, ಮಡಿಲಲ್ಲಿಟ್ಟು, "ಇದ್ರಲ್ಲಿ '‌ಮಗಳೆ' ಅನ್ನೋದು ಎಲ್ಲಿದೆ, ತೋರ್ಸು" ಎಂದಳು. ದೇಮಕ್ಕ ಬೆರಳನ್ನು ಆ ಗೋಜಲಿನ ಮೇಲೆ ಎಲ್ಲೋ ಒಂದು ಕಡೆ ಇಟ್ಟಳು. "ಇಲ್ಲಿದೆ ಅವ್ವಾ." ಸೆಟ್ಟಿಕವ್ವೆ ಆ ಜಾಗವನ್ನು ಮತ್ತೆ ಮತ್ತೆ ಸವರಿ, ಸಮಾಧಾನವಾಗಿ ಎದ್ದು ಹೋದಳು. ದೇಮಕ್ಕ ಮಾಡಿದ್ದು ತಪ್ಪೋ ಸರಿಯೋ ಎಂದು ಮಂಟಪದ ಜಗುಲಿಯಲ್ಲಿ ಇಂದಿಗೂ ವಾದ ನಡೆಯುತ್ತದೆ. ವಾದ ಮಾಡುವವರಾರೂ ಆ ಮೆಟ್ಟಿಲ ಮೇಲೆ ಆ ಹೊತ್ತು ಕೂತಿರಲಿಲ್ಲ.

ಆ ಮಳೆಗಾಲದಿಂದ ದೇಮಕ್ಕ ಒಂದು ಉಪಾಯ ಹೂಡಿದಳು. ಗರಿ ನಯ ಮಾಡುತ್ತಲೋ ಕಾಳು ಆರಿಸುತ್ತಲೋ ಕೂತು, "ಅಪ್ಪಾ, ಬೇಜಾರು ಕಣಪ್ಪ, ಕಬ್ಬ ಹೇಳ್ತಿರು, ಕೇಳ್ತಾ ಕೆಲಸ ಮಾಡ್ತೀನಿ" ಎನ್ನುವಳು. ಅವನು ಮೊದಲಿನಿಂದ ಗುನುಗುವನು. ಅವಳು ಮೊರವನ್ನು ಪಕ್ಕಕ್ಕಿಟ್ಟು, ಹೊಸ ಗರಿ ತೆಗೆದು, ಉಸಿರು ಬಿಗಿಹಿಡಿದು ಕೊರೆಯುವಳು. ವಿಚಿತ್ರವೆಂದರೆ, ಅವನು ಗುನುಗುವಾಗ ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳುತ್ತಿದ್ದ. ಒಮ್ಮೊಮ್ಮೆ ನಿಲ್ಲಿಸಿ ಅವಳಿಗೆ ಹೊತ್ತು ಕೊಡುವಂತೆ ಸುಮ್ಮನಿರುತ್ತಿದ್ದ. ಮುದುಕನ ಉಬ್ಬಸ ಎಂದುಕೊಂಡಳು ಅವಳು. ಹೀಗೆ ಕಂಚಲೆಯ ಬಾಲ್ಯ, ಮದುವೆ, ಹೊಂಡ ತೋಡಿದ್ದು, ಬಂಡೆ ಸಿಡಿದದ್ದು ಎಲ್ಲ ಹೊಸ ಗರಿಯ ಮೇಲೆ ಬಂದವು. ಆ ಭಾಗಕ್ಕೆ ಬಂದಾಗ ಪಾರಿಸಯ್ಯ ಬಾಯಿ ಮುಚ್ಚುವನು. ಆಮೇಲೆ ಅದರ ಮುಂದಿನದನ್ನು ಹಿಡಿಯುವನು. ಎಷ್ಟು ಬಾರಿ ಅವಳ ನಾಲಗೆ ತುದಿಗೆ ಬಂತೋ! ಅಪ್ಪಾ, ಅದು ಎಲ್ಲೂ ಇಲ್ಲ, ನಿನ್ನಲ್ಲಿ ಮಾತ್ರ ಇದೆ ಎನ್ನಬೇಕು. ಎನ್ನಲಿಲ್ಲ. ಇಂದು ಬೇಡ, ಹಬ್ಬ ಕಳೆಯಲಿ. ಹಬ್ಬ ಕಳೆಯಿತು, ಚಳಿ ಕಳೆಯಲಿ. ಅವನು ಸಂತೋಷವಾಗಿದ್ದ, ಸೆಟ್ಟಿಕವ್ವೆ ಹೊದಿಸಿದ ಶಾಲನ್ನು ಹೊದ್ದು ಜಗುಲಿಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದ. ಅದನ್ನು ಒಡೆಯುವುದು ಹೇಗೆ?

ಚಳಿಗಾಲದ ಕೊನೆಯಲ್ಲಿ ಪಾರಿಸಯ್ಯ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಮಗಳ ಕೈ ಹುಡುಕಿ ಹಿಡಿದುಕೊಂಡು, "ಗರಿ ತಗೋ ಮಗಾ. ಕಂಠ ತಗೋ" ಎಂದ.

ದೇಮಕ್ಕ ಬೆಚ್ಚಿದಳು. "ಕಂಠ ಯಾಕಪ್ಪಾ?"

"ಗರಿ ಮೇಲೆ ಕಂಠ ಓಡೋ ಸದ್ದು ನಂಗೆ ಕೇಳ್ಸಲ್ವಾ ದೇಮೀ? ಇಷ್ಟು ದಿನ ನೀನು ಬರೀತಿದ್ದೆ, ನಾನು ಹೇಳ್ತಿದ್ದೆ." ಅವನ ಕುರುಡು ಕಣ್ಣಿನಿಂದ ನೀರು ಇಳಿಯಿತು. "ನನ್ನ ಬರಹ ಕೆಟ್ಟಿದೆ ಅಂತ ನೀನು ಆ ಭಾಗ ಓದದೆ ಗರಿ ತಿರುವಿದ ದಿನ ಗೊತ್ತಾಯ್ತು, ಅಲ್ಲೀತನಕ ಬಾಯಿಂದ ಹೇಳಿದ್ದು ಅಂತಾನೂ. ಹೇಳಿದ್ರೆ ನಿಂಗೆ ನೋವಾಗ್ತದೆ ಅಂತ ಸುಮ್ಮನಿದ್ದೆ. ಇದೊಂದು ಉಳೀತು. ವ್ರತ ಮುರೀತೀನಿ, ಬರ್ಕೋ."

ಅವಳು ಓಡಿ ಹೋಗಿ ಗರಿ ತಂದಳು. ಪಾರಿಸಯ್ಯ ಉಸಿರು ಎಳೆದುಕೊಂಡು ಮೊದಲ ಸಾಲು ಹೇಳಿದ. ಅಭ್ಯಾಸದಂತೆ ಅದನ್ನೇ ಇನ್ನೊಮ್ಮೆ ಹೇಳಿದ. ಅವಳು ಬರೆದು ಮುಗಿಸಿ "ಹೂಂ ಅಪ್ಪಾ" ಎಂದಳು. ಅವನ ತುಟಿ ಅಲುಗಿತು, ದನಿ ಬರಲಿಲ್ಲ. ಅವಳು ಕಿವಿಯನ್ನು ಅವನ ಬಾಯಿಗೆ ಹಚ್ಚಿ ಕೂತಳು. ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಕಂಚಲೆ ಮಗಳಿಗೆ ಹೇಳಿದ ಮಾತೆಲ್ಲ ಆ ತುಟಿಯ ಮೇಲೆ ಹಾದು ಹೋಯಿತು ಎನ್ನುತ್ತಾರೆ. ಆಮೇಲೆ ಅದೂ ನಿಂತಿತು. ಎರಡು ಜೀವಗಳು ಅಷ್ಟು ತಿಂಗಳು ಒಂದೇ ಸೂರಿನಡಿ ಕೂತು, ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡದ್ದಕ್ಕೆ ಕೊನೆಯಲ್ಲಿ ಉಳಿದದ್ದು ಆ ಒಂದು ಸಾಲು. ಇದಕ್ಕೆ ಯಾರನ್ನು ಬೈಯುವುದು?

ಕರ್ಮಗಳು ಮುಗಿದ ಮೇಲೆ ದೇಮಕ್ಕ ಸೆಟ್ಟಿಕವ್ವೆಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮುದುಕಿ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದಳು. "ಅವತ್ತು ಬೆರಳಿಟ್ಟು ತೋರ್ಸಿದ್ಯಲ್ಲ?"

"ಅಲ್ಲಿ ಏನೂ ಇರ್ಲಿಲ್ಲ ಅವ್ವಾ."

ಸೆಟ್ಟಿಕವ್ವೆ ಅವಳನ್ನು ಎದ್ದು ಹೋಗು ಎಂದಳು. ಬಹಳ ದಿನ ಮುಖ ನೋಡಲಿಲ್ಲ. ಮಗಳನ್ನು ಎರಡನೆಯ ಸಲ ಕಳೆದುಕೊಂಡೆ ಎಂದು ಮನೆಯವರ ಮುಂದೆ ಅತ್ತಳಂತೆ. ಆ ಸಿಟ್ಟು ಸಣ್ಣದಲ್ಲ, ಅದನ್ನು ತಪ್ಪೆನ್ನಲೂ ಆಗದು. ಆದರೆ ಶ್ರುತಪಂಚಮಿ ಹತ್ತಿರವಾದಾಗ ಅವಳೇ ಮೇನೆ ಕಟ್ಟಿಸಿಕೊಂಡು ಲಿಪಿಕಾರನ ಮನೆಗೆ ಬಂದಳು. ದೇಮಕ್ಕ ತಾನು ಬರೆದ ಕಟ್ಟನ್ನು ತೋರಿಸಿದಳು. ನಡುವೆ ಆ ಭಾಗಕ್ಕೆ ಎಷ್ಟು ಗರಿ ಬೇಕೋ ಅಷ್ಟನ್ನು ಬರಿದಾಗಿಯೇ ಸೇರಿಸಿ ದಾರ ಕಟ್ಟಿದ್ದಳು. ಗೋಜಲಿನ ಕಟ್ಟನ್ನು ಹೊಂಡಕ್ಕೆ ಬಿಟ್ಟು ಇಬ್ಬರೂ ಜೊತೆಯಾಗಿ ಮಂಟಪಕ್ಕೆ ಹೋದರು. ಓದು ಅಲ್ಲಿಗೆ ಬಂದಾಗ ದೇಮಕ್ಕ ಒಂದು ಸಾಲು ಓದಿದಳು, ಆಮೇಲೆ ಬರಿ ಗರಿಗಳನ್ನು ತಿರುವಿದಳು. ಸೆಟ್ಟಿಕವ್ವೆ ಎದುರಿಗೆ ಕೂತು ಮೊದಲಿನಂತೆಯೇ ಅತ್ತಳು. ಅವಳಿದ್ದಷ್ಟು ವರ್ಷ, ದೇಮಕ್ಕ ಇದ್ದಷ್ಟು ವರ್ಷ ಹಾಗೆಯೇ ನಡೆಯಿತು. ಆಗಿನಿಂದ ಈ ಮಂಟಪಕ್ಕೆ ಈ ಹೆಸರು.

ಆ ಕಟ್ಟೂ ಈಗಿಲ್ಲ. ಬಸದಿ ಬಿದ್ದ ಕಾಲದಲ್ಲಿ ಭಂಡಾರವೆಲ್ಲ ಚದುರಿ ಹೋಯಿತು. ಕಂಚಲೆಯ ಕತೆ ಹೆಂಗಸರ ಹಾಡಿನಲ್ಲಿ ಅಲ್ಲೊಂದು ಇಲ್ಲೊಂದು ತುಂಡಾಗಿ ಉಳಿದಿದೆ. ಉಳಿದಿರುವ ಇನ್ನೊಂದನ್ನು ಮಂಟಪದ ಹಿಂಬಾಗಿಲಿನ ಪಕ್ಕ, ಹೊಂಡಕ್ಕೆ ಇಳಿಯುವ ಕಡೆ ಇಂದಿಗೂ ನೋಡಬಹುದು. ಅದು ಸೆಟ್ಟಿಕವ್ವೆ ತನ್ನ ಕೊನೆಗಾಲದಲ್ಲಿ ನೆಡಿಸಿದ ಆಳೆತ್ತರದ ಕಲ್ಲು. "ಇರೋ ಸಾಲು ಕೆತ್ತು. ಉಳಿದದ್ದಕ್ಕೆ ಗೆರೆ ಹಾಕಿ ಬಿಡು. ಯಾರಿಗಾದ್ರೂ ಎಲ್ಲಾದ್ರೂ ಸಿಕ್ಕಿದ್ರೆ ಬಂದು ತುಂಬ್ಲಿ" ಎಂದು ಕಲ್ಲುಕುಟಿಗನಿಗೆ ಹೇಳಿದಳಂತೆ. ಕಲ್ಲಿನ ತಲೆಯಲ್ಲಿ ಒಂದೇ ಸಾಲು ಇದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕತ್ತಲಲ್ಲಿ ಕೂತು ಅಳಬೇಡ ಮಗಳೆ, ದೀಪ ಹಚ್ಚಿಟ್ಟು ಅಳು. ಅದರ ಕೆಳಗೆ ಬುಡದವರೆಗೂ ಒಂದರ ಕೆಳಗೊಂದು ನೇರವಾದ ಗೆರೆಗಳು, ಅಕ್ಷರವಿಲ್ಲದವು.

ನೋಡಲು ಬಂದವರು ಬಿಸಿಲಿಗೆ ಅಕ್ಷರ ಸವೆದಿರಬೇಕೆಂದು ತಿಳಿದು, ಬಾಟಲಿಯ ನೀರು ಚಿಮುಕಿಸಿ, ಅಂಗೈಯಿಂದ ಉಜ್ಜಿ, ತಲೆ ವಾಲಿಸಿ ನೋಡುತ್ತಾರೆ. ಸವೆದದ್ದಲ್ಲ ಎಂದು ಗ್ರಂಥಪಾಲಕಿ ಒಳಗಿನಿಂದಲೇ ಹೇಳುತ್ತಾಳೆ. ಆಮೇಲೆ ಎದ್ದು ಬಂದು, ಕಲ್ಗುಂದಿಯಲ್ಲಿ ಆ ಕುರ್ಚಿಯಲ್ಲಿ ಕೂತವರೆಲ್ಲ ಕೇಳುತ್ತಾ ಬಂದಿರುವುದನ್ನು ಅವಳೂ ಕೇಳುತ್ತಾಳೆ: "ಯಾವ ಕಡೆಯಿಂದ ಬಂದ್ರಿ? ನಿಮ್ಮೂರಲ್ಲಿ ಯಾರ ಮನೆ ಅಟ್ಟದ ಮೇಲಾದ್ರೂ ಹಳೇ ಓಲೆ ಕಟ್ಟು ಇದೆಯಾ? ಕಂಚಲೆ ಅನ್ನೋ ಹೆಸರು ಎಲ್ಲಾದ್ರೂ ಕೇಳಿದೀರಾ?" ಬಂದವರು ಸ್ವಲ್ಪ ಯೋಚಿಸಿ, ಇಲ್ಲವೆಂದು ತಲೆಯಾಡಿಸುತ್ತಾರೆ. ಅವಳು ಇರಲಿ ಬಿಡಿ, ಕಂಡರೆ ತಿಳಿಸಿ ಎಂದು ಹೇಳಿ ಒಳಗೆ ಹೋಗುತ್ತಾಳೆ.